ಎದುರಾಗದೆ ಹಾದುಹೋದವು

ಮುದಗಲ್ಲಿನ ಉಂಗುರ, ದೊಡ್ಡ ಸಾಲೆ
ನೂರಾ ಎಂಬತ್ತೇಳನೇ ಬಿಸಿಮುಚ್ಚು, ಕೊನೆಯ ತಿಂಗಳ ಬಹುಳ ಪಂಚಮಿ
ನಿನ್ನ ಕ್ಯಾಲೆಂಡರಿನ ಲೆಕ್ಕಕ್ಕೆ ಎರಡು ಸಾವಿರದ ಮುನ್ನೂರ ಎಂಬತ್ತನಾಲ್ಕನೇ ಇಸವಿ

ಯವ್ವಾ ಹುಲಿಗೆಮ್ಮ,

ಮನೆಯಲ್ಲಿ ಎಲ್ಲರೂ ಹೇಗಿದ್ದೀರಿ? ನಿಮ್ಮಪ್ಪ ಆದಪ್ಪನ ಕೆಮ್ಮು ಇಳಿಯಿತೇ? ನಿಮ್ಮವ್ವ ಬಸ್ಸಮ್ಮ ರೊಟ್ಟಿ ಹಂಚಿಗೆ ಕೈ ತಾಗಿಸಿಕೊಂಡಿದ್ದಳಲ್ಲ, ಆ ಗಾಯ ಮಾಯಿತೇ? ತಮ್ಮ ಪಂಪಾಪತಿಗೆ ಜ್ವರ ಎಂದು ಹದಿನಾಲ್ಕನೇ ಪುಟದ ಅಂಚಿನಲ್ಲಿ ಬರೆದಿದ್ದೀ. ಮುಂದಿನ ಏಳು ಪುಟ ಅವನ ಸುದ್ದಿಯೇ ಇಲ್ಲ. ಹತ್ತು ವರ್ಷದವಳಿದ್ದಾಗ ಆ ಏಳು ಪುಟಗಳನ್ನು ನಾನು ಉಸಿರು ಬಿಗಿಹಿಡಿದು ಓದಿದ್ದೆ. ಇಪ್ಪತ್ತೆರಡನೆಯದರಲ್ಲಿ ‘ಪಂಪ್ಯಾ ನನ್ನ ಪೆನ್ನು ಕದ್ದಾನ’ ಎಂದು ಕಂಡಾಗ ಜೀವ ತಣ್ಣಗಾಯಿತು. ಬೆಂಚಿನ ಗೆಳತಿ ನಾಜನೀನಳಿಗೆ ಕನ್ನಡಕ ಬಂತೇ, ಇನ್ನೂ ನಿನ್ನದೇ ನೋಡಿ ಬರೆಯುತ್ತಾಳೆಯೇ? ಶರಣಬಸವ ಸರ್ ಆರೋಗ್ಯವೇ? ಅವರಿಗೆ ನನ್ನ ನಮಸ್ಕಾರ ತಿಳಿಸು. ಅವರನ್ನು ಒಂದು ಮಾತು ಕೇಳುವುದಿದೆ, ಅದಕ್ಕೇ ಈ ಕಾಗದ.

ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯುವುದು ಪದ್ಧತಿ. ಎಲ್ಲರೂ ಎಂದು ಬರೆಯಲಾರೆ. ನನ್ನ ತಂಗಿ ಅಂಬಮ್ಮ ಎಂಬತ್ನಾಲ್ಕು ದಿನದ ಹಿಂದೆ ಉಂಗುರದೊಳಗೆ ಹೋದವಳು ಹೊರಗೆ ಬಂದಿಲ್ಲ. ಇನ್ನು ಹನ್ನೊಂದು ದಿನಕ್ಕೆ ಆ ಉಂಗುರಕ್ಕೆ ಹೊಳೆಯ ನೀರು ಬಿಡುತ್ತಾರೆ. ಬಿಡಬೇಕಾದರೆ ಮೊದಲು ನಾನು ಒಂದು ಮಾತು ಹೇಳಬೇಕು. ನಾನಿನ್ನೂ ಹೇಳಿಲ್ಲ.

ನಾನು ಯಾರೆಂದು ಹೇಳದೆ ಮನೆಯ ಸುದ್ದಿಯೆಲ್ಲ ಕೇಳಿಬಿಟ್ಟೆ, ಸಿಟ್ಟಾಗಬೇಡ. ನನ್ನ ಹೆಸರು ಈರಮ್ಮ, ವಯಸ್ಸು ಎಪ್ಪತ್ತೊಂದು. ನಿನ್ನಿಂದ ಎಣಿಸಿದರೆ ಹದಿಮೂರನೇ ತಲೆಯವಳು. ವರಸೆಯಲ್ಲಿ ನೀನು ನನ್ನ ಅಜ್ಜಿಯರ ಅಜ್ಜಿಗೂ ಅಜ್ಜಿ. ಆದರೆ ನೋಟುಬುಕ್ಕಿನ ಚೀಟಿಯ ಮೇಲೆ ‘ಹುಲಿಗೆಮ್ಮ ತಂದೆ ಆದಪ್ಪ, ಪ್ರಥಮ ಪಿಯುಸಿ, ವಿಜ್ಞಾನ ವಿಭಾಗ’ ಎಂದಿದೆ, ಅಂದರೆ ಹದಿನಾರು ಹದಿನೇಳರ ಹುಡುಗಿ. ಮಾತೃಶ್ರೀ ಎನ್ನಲೋ ಚಿರಂಜೀವಿ ಎನ್ನಲೋ ತಿಳಿಯದೆ ಯವ್ವಾ ಎಂದೆ. ಹೆತ್ತವಳಿಗೂ ತೊಟ್ಟಿಲ ಕೂಸಿಗೂ ಸಲ್ಲುವ ಮಾತು ಅದೊಂದೇ. ನನ್ನ ಕೆಲವು ಶಬ್ದ ನಿನಗೆ ವಿಚಿತ್ರವೆನಿಸಿದರೆ ಮನ್ನಿಸು. ನಿನ್ನ ಕಾಲದ ಕನ್ನಡವನ್ನು ನಾನು ಕಲಿತದ್ದು ನಿನ್ನ ನೂರು ಪುಟದ ಬರಹದಿಂದ ಮಾತ್ರ. ಅದರಲ್ಲಿಲ್ಲದ ಸಂಗತಿ ಬಂದಾಗ ನಮ್ಮ ಮಾತನ್ನೇ ಹಾಕಿ ಅರ್ಥ ಹೇಳುತ್ತೇನೆ.

ಉಂಗುರ ಎಂದರೆ ನೀನು ನಲವತ್ತನೇ ಪುಟದಲ್ಲಿ ಎರಡು ಸಲ ಅಡಿಗೆರೆ ಎಳೆದು ‘ಕಣ ವೇಗವರ್ಧಕ’ ಎಂದು ಬರೆದಿದ್ದೀಯಲ್ಲ, ಅದೇ. ನಿನ್ನ ಕಾಲದಲ್ಲಿ ಅದು ದೂರದೇಶದ ಸುದ್ದಿ. ನೀನು ಬರೆದ ಎಪ್ಪತ್ತು ವರ್ಷಕ್ಕೆ ನಿಮ್ಮ ಹೊಲಗಳ ಕೆಳಗೇ, ಮುದಗಲ್ಲಿನ ಗಟ್ಟಿ ಕಲ್ಲು ಕೊರೆದು, ಅರವತ್ತು ಕಿಲೋಮೀಟರ್ ಸುತ್ತಳತೆಯ ಸುರಂಗ ಮಾಡಿದರು. ನಿನ್ನ ಮೊಮ್ಮಗಳು ಅಲ್ಲಿಗೆ ಕೆಲಸಕ್ಕೆ ಬಂದಳು. ಅವಳ ಟ್ರಂಕಿನಲ್ಲಿ ನಿನ್ನ ನೋಟುಬುಕ್ಕು ಬಂತು. ನಲವತ್ತು ವರ್ಷ ಕಣಗಳು ಅದರಲ್ಲಿ ಸುತ್ತಿದವು. ಆಮೇಲೆ ಅಷ್ಟು ವಿದ್ಯುತ್ತನ್ನು ಕೊಡುವ ಶಕ್ತಿ ನಾಡಿಗೆ ಉಳಿಯಲಿಲ್ಲ, ಯಂತ್ರ ನಿಂತಿತು. ಅದರ ಪುಸ್ತಕಗಳೆಲ್ಲ ಕಾಗದದ ಮೇಲಲ್ಲ, ಯಂತ್ರಗಳೊಳಗೆ ಇದ್ದವಂತೆ. ಯಂತ್ರ ತಣ್ಣಗಾದಂತೆ ಅವೂ ಹೋದವು. ಉಳಿದದ್ದು ನಿನ್ನದೊಂದೇ.

ಬಿಸಿಲು ಏರುತ್ತ ಹೋಗಿ ಮೇಲೆ ಬದುಕುವುದು ಅಸಾಧ್ಯವಾದಾಗ ನಮ್ಮವರು ಸುರಂಗಕ್ಕೆ ಇಳಿದರು. ವರ್ಷದಲ್ಲಿ ಐದು ತಿಂಗಳು ಕೆಳಗಿರುತ್ತೇವೆ. ಅದಕ್ಕೆ ಬಿಸಿಮುಚ್ಚು ಎನ್ನುತ್ತೇವೆ, ವರ್ಷ ಎಣಿಸುವುದೂ ಅದರಿಂದಲೇ. ಕಣಗಳ ಡಿಕ್ಕಿಯನ್ನು ನೋಡಲು ಯಂತ್ರದ ಕಣ್ಣು ಇಟ್ಟಿದ್ದ ಹಜಾರವೇ ದೊಡ್ಡ ಸಾಲೆ, ಅದರಲ್ಲಿ ಮೂರು ಸಾವಿರ ಜನರ ವಾಸ. ಐದು ಅಂತಸ್ತಿನ ಅಟ್ಟಗಳು, ಅಟ್ಟಕ್ಕೊಂದು ಒಲೆಮನೆ. ಇಳಿಯುವ ಮೊದಲೇ ಜೋಳದ ಖಡಕ್ ರೊಟ್ಟಿ ಸಾವಿರಗಟ್ಟಲೆ ಬಡಿದು ಅರಿವೆಯಲ್ಲಿ ಕಟ್ಟಿಡುತ್ತೇವೆ, ಜೊತೆಗೆ ಶೇಂಗಾ ಹಿಂಡಿ, ಒಣಮೆಣಸಿನಕಾಯಿ ಚಟ್ನಿ. ಕೆಳಗೆ ಹೊಗೆ ಮಾಡುವಂತಿಲ್ಲ. ವಾರಕ್ಕೊಂದು ದಿನ ಮಾತ್ರ ಬಿಸಿ ಸಾರು. ಆ ದಿನ ನಮ್ಮ ಜಗಳಗಳೆಲ್ಲ ಕಡಿಮೆ. ಸಾಲೆಯ ಹಿಂಬದಿಯ ಗೋಡೆಯಲ್ಲಿ ಒಂದು ಕಬ್ಬಿಣದ ಬಾಗಿಲು, ಅದರ ಆಚೆ ಉಂಗುರ: ಕತ್ತಲು, ತಣ್ಣನೆ ಕಲ್ಲು, ಎರಡಾಳು ಅಗಲ. ಕಿಲೋಮೀಟರಿಗೊಂದರಂತೆ ಅರವತ್ತು ಕಮಾನು. ಬಾಗಿಲಿನ ಬಲಕ್ಕೆ ಒಂದನೆಯದು, ಎಡಕ್ಕೆ ಅರವತ್ತನೆಯದು.

ನಾನು ಯಾವ ಶಾಲೆಗೂ ಹೋದವಳಲ್ಲ; ಶಾಲೆ ಎಂಬುದೇ ಇರಲಿಲ್ಲ. ನಮ್ಮಪ್ಪ ನಿನ್ನ ನೋಟುಬುಕ್ಕು ಕೈಗಿಟ್ಟು ‘ಓದ್ಕೋ’ ಎಂದ, ಅಷ್ಟೇ. ಸರ್ ಕಣವನ್ನು ಜೋಕಾಲಿಗೆ ಹೋಲಿಸಿದ್ದನ್ನು ನೀನು ಚಿತ್ರ ಬಿಡಿಸಿ ಬರೆದಿದ್ದೀ: ಪಂಚಮಿಯ ಜೋಕಾಲಿ ಹಿಂದೆ ಬಂದು ತಿರುಗುವ ಗಳಿಗೆಗೆ ಸರಿಯಾಗಿ ಒಂದು ಸಣ್ಣ ತಳ್ಳು ಕೊಡುತ್ತ ಹೋದರೆ ಅದು ಮುಗಿಲು ಮುಟ್ಟುತ್ತದೆ, ಕಣಕ್ಕೂ ಪ್ರತಿ ಸುತ್ತಿನಲ್ಲಿ ವಿದ್ಯುತ್ತು ಹಾಗೆಯೇ ತಳ್ಳುತ್ತದೆ, ಅಯಸ್ಕಾಂತವು ದಾರಿ ಬಾಗಿಸುತ್ತದೆ. ಈ ಪಾಠವನ್ನು ನಾನು ನಲವತ್ತು ವರ್ಷ ಮಕ್ಕಳಿಗೆ ಹೇಳಿದ್ದೇನೆ, ಪ್ರತಿ ಸಲ ಒಂದು ಮಗುವನ್ನು ಜೋಕಾಲಿಯಲ್ಲಿ ಕೂರಿಸಿ. ‘ಸುತ್ತಿ ಸುತ್ತಿ ಕಣಕ್ಕೆ ಸುಸ್ತಾಗೋದಿಲ್ಲೇನು ಸರ್?’ ಎಂದು ಕೇಳಿ ನೀನು ನಗೆಪಾಟಲಾದದ್ದೂ ಇದೆ. ನಗಬೇಡಿರೆಂದು ಸರ್ ಗದರಿಸಿ, ‘ಆಗುತ್ತದೆ. ಬಾಗುವಾಗಲೆಲ್ಲ ಅದು ಬೆಳಕು ಚೆಲ್ಲಿ ಶಕ್ತಿ ಕಳೆದುಕೊಳ್ಳುತ್ತದೆ’ ಎಂದರಂತೆ. ಅದರ ಪಕ್ಕದಲ್ಲಿ ನೀನು ಒಂದು ಸಣ್ಣ ಸೂರ್ಯನನ್ನು ಬರೆದಿದ್ದೀ. ಎಷ್ಟು ಹೆಮ್ಮೆ ಆ ಸೂರ್ಯನ ಮುಖದಲ್ಲಿ!

ಈಗ ನಿನಗೆ ಗೊತ್ತಿರಲಾರದ ಸಂಗತಿ ಹೇಳುತ್ತೇನೆ. ನಲವತ್ಮೂರನೇ ಪುಟದಲ್ಲಿ ಉಂಗುರದ ಚಿತ್ರ, ಅದರೊಳಗೆ ಒಂದಕ್ಕೊಂದು ಎದುರಾಗಿ ಎರಡು ಬಾಣ. ಕೆಳಗೆ ‘ಎರಡು ಕಡೆಯಿಂದ ಬಂದವು ಎದುರಾದಾಗ, ಮೊದಲು ಇಲ್ಲದ್ದು ಹುಟ್ಟುತ್ತದೆ’ ಎಂಬ ವಾಕ್ಯ. ನೀನು ಬರೆದದ್ದು ಪರೀಕ್ಷೆಗೆ, ಮೂರು ಅಂಕದ ಉತ್ತರ. ಕೆಳಗಿಳಿದ ಮೊದಲ ವರ್ಷಗಳಲ್ಲಿ ಸಾವು ಬಹಳ. ಸುಡಲು ಕಟ್ಟಿಗೆಯಿಲ್ಲ, ಹೂಳಲು ಮಣ್ಣಿಲ್ಲ, ಯಾವ ಕ್ರಮವೂ ನಡೆಯುತ್ತಿರಲಿಲ್ಲ. ಆಗ ಹಿರಿಯರು ಈ ಪುಟ ತೆರೆದು, ಇದು ಸತ್ತವರಿಗಾಗಿ ಮಾಡುವ ವಿಧಿ ಎಂದುಕೊಂಡರು. ಅವರ ತಪ್ಪು ನಮ್ಮ ಧರ್ಮವಾಯಿತು. ಅದಕ್ಕೆ ಎದುರುನಡಿಗೆ ಎನ್ನುತ್ತೇವೆ. ಯಾರಾದರೂ ತೀರಿದರೆ ಅವರ ರಕ್ತಸಂಬಂಧಿಗಳು ಇಬ್ಬರು ಬಾಗಿಲಲ್ಲಿ ಬೆನ್ನಿಗೆ ಬೆನ್ನು ಹಚ್ಚಿ ನಿಂತು, ಒಬ್ಬರು ಬಲಕ್ಕೆ ಒಬ್ಬರು ಎಡಕ್ಕೆ ಹೊರಡುತ್ತಾರೆ. ಕೈಯಲ್ಲಿ ಒಂದು ದೀಪ, ಸೊಂಟದಲ್ಲಿ ಸುಣ್ಣದ ಕಡ್ಡಿ. ಕಮಾನು ದಾಟಿದಾಗಲೆಲ್ಲ ತಮ್ಮ ಬಲಗೋಡೆಗೆ ಒಂದು ಗೆರೆ. ಹಾಗಾಗಿ ಒಬ್ಬರ ಗೆರೆ ಹೊರಗೋಡೆಗೆ ಬೀಳುತ್ತದೆ, ಇನ್ನೊಬ್ಬರದು ಒಳಗೋಡೆಗೆ. ಎರಡು ದಿನಕ್ಕೆ ಮೂವತ್ತನೇ ಕಮಾನಿನ ಆಸುಪಾಸು ಎದುರಾಗುತ್ತಾರೆ. ಅಲ್ಲಿ ಕೂತು, ರೊಟ್ಟಿ ಮುರಿದು, ಸತ್ತವರ ಬಗ್ಗೆ ಇನ್ನೊಬ್ಬರಿಗೆ ತಿಳಿಯದ ಒಂದು ಸಂಗತಿಯನ್ನು ಒಬ್ಬೊಬ್ಬರೂ ಹೇಳಬೇಕು. ಆಮೇಲೆ ತಿರುಗಿ ಬರುವಂತಿಲ್ಲ, ಕಣ ತಿರುಗುವುದಿಲ್ಲವಲ್ಲ. ಮುಂದಕ್ಕೇ ನಡೆದು ಸುತ್ತು ಮುಗಿಸಿ ಬಾಗಿಲಿಗೆ ಬಂದು, ಹುಟ್ಟಿದ್ದೇನು ಎಂದು ಜನರಿಗೆ ಸಾರಬೇಕು. ನಮ್ಮವ್ವ ತೀರಿದಾಗ ಅಪ್ಪನೂ ಸೋದರಮಾವನೂ ನಡೆದು ಬಂದರು. ಅವ್ವನಿಗೆ ಈಜು ಬರುತ್ತಿತ್ತು ಎಂಬುದು ಹುಟ್ಟಿತು. ತವರಿನ ಕಲ್ಲುಗಣಿಯ ಮಡುವಿನಲ್ಲಿ ಕದ್ದು ಕಲಿತಿದ್ದಳಂತೆ. ಹೊಳೆಯನ್ನೇ ನೋಡದ ನಾವು ಮೂವರು ಮಕ್ಕಳು ಅವ್ವ ನೀರಿನ ಮೇಲೆ ತೇಲುವುದನ್ನು ನೆನೆನೆನೆದು ಅತ್ತೆವು, ಆಮೇಲೆ ನಕ್ಕೆವು.

ಮೂವರು ಎಂದರೆ ಅಣ್ಣ ಮೌನೇಶ, ನಾನು, ತಂಗಿ ಅಂಬಮ್ಮ. ಅಂಬಮ್ಮ ಎಡಚಿ, ಮೊಂಡಿ, ಲೆಕ್ಕದಲ್ಲಿ ನನಗಿಂತ ಚುರುಕು. ನಡೆಯುವಾಗ ಮಗ್ಗಿ ಹೇಳಿಕೊಂಡು ನಡೆಯುವುದು ಅವಳ ಚಾಳಿ. ಎರಡು ವರ್ಷದ ಹಿಂದೆ ಅವಳು ನಿನ್ನ ಐವತ್ತೊಂದನೇ ಪುಟದ ಒಂದು ಲೆಕ್ಕವನ್ನು ತಪ್ಪೆಂದು ಹೇಳಿ, ಶಾಯಿಯಲ್ಲಿ ತಿದ್ದಿಬಿಟ್ಟಳು. ನನಗೆ ದೇವರ ಮೈಮೇಲೆ ಗೀರಿದಂತಾಯಿತು.

“ಹರೇದ ಹುಡುಗಿ ಬರ್ದಿದ್ದಕ್ಕ ಊದಿನಕಡ್ಡಿ ಬೆಳಗ್ತಿಯಲ್ಲ ಯಕ್ಕಾ. ಆಕಿಗೂ ತಪ್ಪು ಆಗ್ತಿತ್ತು, ಅದಕ್ಕ ಆಕಿ ಕಲ್ತಾಳ” ಎಂದಳು.

“ನೀ ಇನ್ನ ಈ ಬುಕ್ಕು ಮುಟ್ಟಬ್ಯಾಡ” ಎಂದೆ.

ಅಲ್ಲಿಂದ ಮಾತು ನಿಂತಿತು. ಅವಳು ತಿದ್ದಿದ್ದೇ ಸರಿ. ಅದು ನನಗೆ ಆ ವಾರವೇ ಗೊತ್ತಾಗಿತ್ತು.

ಈ ಬಿಸಿಮುಚ್ಚಿನಲ್ಲಿ ಮೌನೇಶಣ್ಣ ತೀರಿದ. ಎದುರುನಡಿಗೆಗೆ ನಾವಿಬ್ಬರೇ. ಬಾಗಿಲಲ್ಲಿ ಬೆನ್ನಿಗೆ ಬೆನ್ನು ಹಚ್ಚಿ ನಿಂತಾಗ ಅವಳ ಬೆನ್ನೆಲುಬು ನನ್ನ ರವಿಕೆಗೆ ಒತ್ತುತ್ತಿತ್ತು, ಅಷ್ಟು ಸೊರಗಿದ್ದಳು. ನಾನು ಬಲಕ್ಕೆ ಹೊರಟೆ, ಅವಳು ಎಡಕ್ಕೆ. ನಾಲ್ಕನೇ ದಿನ ನಾನು ಸುತ್ತು ಮುಗಿಸಿ ಅರವತ್ತನೇ ಕಮಾನು ದಾಟಿ ಹೊರಗೆ ಬಂದೆ. ಹುಟ್ಟಿದ್ದೇನೆಂದು ಕೇಳಲು ಜನ ಕೂಡಿದ್ದರು. ನಾನು, ದಾರಿಯಲ್ಲಿ ಯಾರೂ ನನಗೆ ಎದುರಾಗಲಿಲ್ಲ ಎಂದೆ.

ಒಂದೇ ದಾರಿ, ಎರಡಾಳು ಅಗಲ. ಎದುರಾಗದೆ ಇರುವುದು ಹೇಗೆ? ನೂರಾ ಎಂಬತ್ತೇಳು ವರ್ಷದಲ್ಲಿ ಹೀಗಾದದ್ದಿಲ್ಲ. ದೀಪ ಹಿಡಿದು ಇಪ್ಪತ್ತು ಜನ ಎರಡೂ ಕಡೆಯಿಂದ ನುಗ್ಗಿದರು. ಅರವತ್ತೂ ಕಮಾನುಗಳ ಒಳಗೋಡೆಗೆ ಅಂಬಮ್ಮನ ಗೆರೆ ಇತ್ತು, ಎಡಚರು ಬಲಗೋಡೆಗೆ ಎಳೆದಾಗ ಬೀಳುವ ಓರೆ ಗೆರೆ. ಒಂದನೇ ಕಮಾನಿನಲ್ಲೂ ಇತ್ತು, ಅಂದರೆ ಅವಳು ಸುತ್ತು ಮುಗಿಸಿದ್ದಳು, ಬಾಗಿಲ ಮುಂದೆಯೇ ಹಾದಿದ್ದಳು. ಅವಳು ಮಾತ್ರ ಇರಲಿಲ್ಲ. ಹುಡುಕಲು ಹೋದ ಎರಡು ತಂಡ ಮೂವತ್ತನೇ ಕಮಾನಿನಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಂತವು. ನಲವತ್ನಾಲ್ಕನೇ ಕಮಾನಿನ ಹತ್ತಿರ ತಳ ಕಾಣದ ಹಳೇ ನೀರಿನ ಗುಂಡಿಯೊಂದಿದೆ. ಎರಡನೇ ಸುತ್ತಿಗೆ ಹೊರಟು ಅದರಲ್ಲಿ ಬಿದ್ದಿರಬೇಕು ಎಂದು ತೀರ್ಮಾನಿಸಿದರು.

ನಾನು ಹೊರಗೆ ಬಂದ ಐದನೇ ದಿನ ಬಾಗಿಲು ತೆರೆದು ನೋಡಿದಾಗ ಒಂದನೇ ಕಮಾನಿನ ಒಳಗೋಡೆಗೆ ಎರಡು ಗೆರೆ ಇದ್ದವು.

ಮತ್ತೆ ನಾಲ್ಕು ದಿನಕ್ಕೆ ಮೂರು. ನಾನು ಹೇಳಿದಾಗ ಪಂಚಾಯ್ತಿಯವರು ಐದು ದಿನ ಇಬ್ಬರು ಗಟ್ಟಿ ಆಳುಗಳನ್ನು ಬಾಗಿಲಲ್ಲಿ ಕಾವಲು ಕೂರಿಸಿದರು. ಯಾರೂ ಸುಳಿಯಲಿಲ್ಲ ಎಂದು ಇಬ್ಬರೂ ಆಣೆ ಮಾಡಿದರು. ಒಂದು ಸಲ ಮಾತ್ರ ದೀಪದ ಕುಡಿ ತಾನಾಗಿ ಒಂದು ಕಡೆಗೆ ಬಾಗಿ ಮತ್ತೆ ನೆಟ್ಟಗಾಯಿತಂತೆ. ಎದ್ದು ನೋಡಿದರೆ ಗೆರೆ ನಾಲ್ಕಾಗಿತ್ತು. ಆ ಇಬ್ಬರು ಈಗ ಆ ಬಾಗಿಲ ಕಡೆಗೆ ಮುಖ ಹಾಕಿ ಮಲಗುವುದಿಲ್ಲ. ಪಕ್ಕದ ಅಟ್ಟದ ತಾಯಮ್ಮ ನನ್ನ ಕಿವಿಯಲ್ಲಿ, “ಯಕ್ಕಾ, ಸಿಟ್ಟಾಗಬ್ಯಾಡ. ಆ ಗೆರಿ ನೀನ ನಿದ್ದಿಗಣ್ಣಾಗ ಎಳಿತಿರ್ಬೇಕು ನೋಡು” ಎಂದಳು. ಅವಳನ್ನು ಬೈದು ಕಳಿಸಿದೆ. ಆದರೆ ಆ ದಿನದಿಂದ ಎದ್ದ ಕೂಡಲೇ ನಾನು ಮೊದಲು ನೋಡಿಕೊಳ್ಳುವುದು ನನ್ನ ಬೆರಳುಗಳನ್ನು, ಸುಣ್ಣ ಹತ್ತಿದೆಯೇ ಎಂದು.

ಇವತ್ತಿಗೆ ಹದಿನಾರು ಗೆರೆ. ಮೊದಲ ಒಂಬತ್ತು, ನಾಲ್ಕು ದಿನಕ್ಕೊಂದರಂತೆ ಬಿದ್ದವು. ಆಮೇಲೆ ಐದು ದಿನಕ್ಕೊಂದು, ಆರು ದಿನಕ್ಕೊಂದು. ಹದಿನೈದಕ್ಕೂ ಹದಿನಾರಕ್ಕೂ ನಡುವೆ ಒಂಬತ್ತು ದಿನ. ಗೆರೆಯೂ ಕೆಳಗೆ ಕೆಳಗೆ ಬೀಳುತ್ತಿದೆ, ಕೈ ಎತ್ತಲಾರದವರು ಎಳೆದ ಹಾಗೆ. ನಾನು ಕಮಾನಿನ ಬುಡದಲ್ಲಿ ರೊಟ್ಟಿ, ಬೆಲ್ಲ, ಒಂದು ತಂಬಿಗೆ ನೀರು ಇಟ್ಟು ಬರುತ್ತೇನೆ. ರೊಟ್ಟಿ ಕೆಲವು ಸಲ ಇರುವುದಿಲ್ಲ. ಬೆಲ್ಲ ಯಾವಾಗಲೂ ಇದ್ದ ಹಾಗೇ ಇರುತ್ತದೆ. ಅಂಬಮ್ಮ ಚಿಕ್ಕಂದಿನಿಂದಲೂ ಬೆಲ್ಲ ತಿನ್ನುವವಳಲ್ಲ.

ನೀರಿನ ವಿಷಯಕ್ಕೆ ಬರುತ್ತೇನೆ. ಕೃಷ್ಣೆಗೆ ಈಗ ವರ್ಷದಲ್ಲಿ ಹದಿನೈದು ದಿನ ಮಾತ್ರ ನೀರು. ಬಂದದ್ದು ನಿಲ್ಲದೆ ಹರಿದುಹೋಗುತ್ತದೆ. ಮೂರು ವರ್ಷ ದುಡಿದು ನಮ್ಮವರು ಹೊಳೆಯಿಂದ ಉಂಗುರಕ್ಕೆ ಕಾಲುವೆ ಕಡಿದಿದ್ದಾರೆ. ಸುರಂಗ ತುಂಬಿದರೆ ಮೂರು ಸಾವಿರ ಜನಕ್ಕೂ ದನಕರುಗಳಿಗೂ ವರ್ಷಪೂರ್ತಿ ನೀರು. ಹೋದ ವರ್ಷ ಕೊನೆಯ ತಿಂಗಳಲ್ಲಿ ಕೂಸುಗಳ ನಾಲಿಗೆಗೆ ಒದ್ದೆ ಅರಿವೆ ಒತ್ತಿದ್ದನ್ನು ನಾನೂ ನೋಡಿದ್ದೇನೆ, ಯವ್ವಾ. ಇದು ಬೇಡವೆನ್ನುವ ಕಟುಕಿಯಲ್ಲ ನಾನು. ಆದರೆ ನಡಿಗೆ ಮುಗಿಯದ ದಾರಿಗೆ ಬೆಂಕಿ, ನೀರು ಹಾಕುವಂತಿಲ್ಲ ಎಂಬುದು ಹಳೇ ಕಟ್ಟುಪಾಡು. ನಡೆದವರಲ್ಲಿ ಹೊರಗೆ ಬಂದವರು ‘ನಡಿಗೆ ಮುಗಿಯಿತು’ ಎನ್ನಬೇಕು. ಹೊರಗೆ ಬಂದವಳು ನಾನೊಬ್ಬಳೇ. ನಿನ್ನೆ ಪಂಚಾಯ್ತಿಯ ಹಿರಿಯ ಚಂದಾಸಾಬ ಬಂದ. ನನ್ನ ಹತ್ತಿರವೇ ಅಕ್ಷರ ಕಲಿತವನು, ಈಗ ಅವನ ಗಡ್ಡವೂ ಬೆಳ್ಳಗೆ.

“ಈರಮ್ಮಬೇ, ನಾ ಏನ್ ನಿನ್ನ ವೈರಿ ಅಲ್ಲ. ಹೊಳಿ ಹನ್ನೆರಡ ದಿನದಾಗ ಬರ್ತೈತಿ, ನಮಗ ಕಾಯಂಗಿಲ್ಲ ಅದು. ಮುಗೀತು ಅಂತ ಒಂದ್ ಮಾತು ಅಂದ್‌ಬಿಡು.”

“ಮುಗೀಲಾರ್ದ ಮುಗೀತು ಅಂತ ಹೆಂಗ ಅನ್ಲೋ ಚಂದಾ?”

“ಎರಡೂ ಕಡಿಂದ ಹುಡುಕೀವಿ. ಒಳಗ ಒಂದ್ ಇಲಿ ಸೈತ ಸಿಗ್ಲಿಲ್ಲ.”

“ಇಲಿ ಸುಣ್ಣದ ಗೆರಿ ಎಳಿಯಂಗಿಲ್ಲಪ್ಪ.”

ಅವನು ಹೋಗಲು ಎದ್ದವನು ಮತ್ತೆ ಕೂತ. ಆಮೇಲೆ, “ಹಂಗಂದ್ರ ನೀನ ಹೋಗಿ ನೋಡಿ ಬಾರಬೇ. ಎಂಬತ್ತ ದಿನಾ ಆತು, ಬಾಗ್ಲಾಗ ಹಣಿಕಿ ಹಾಕ್ತಿ, ಒಳಗ ಒಂದ್ ಹೆಜ್ಜಿ ಇಡವಲ್ಲಿ. ಯಾಕ?” ಎಂದ.

ನಾನು ಮೊಣಕಾಲು ನೋವು ಎಂದೆ. ಅವನು ನಂಬಿದ, ಪಾಪ.

ಅದು ಸುಳ್ಳು. ನಿಜವನ್ನು ಇಲ್ಲಿ ಯಾರಿಗೂ ಹೇಳಿಲ್ಲ; ನಿನಗೆ ಹೇಳುತ್ತೇನೆ. ಮೌನೇಶಣ್ಣ ಸಾಯುವ ದಿನ ನನ್ನೊಬ್ಬಳನ್ನೇ ಮಾತಾಡಿಸಿದ. “ಅಂಬಿ ಎಲ್ಲೆದಾಳ? ಅಂಬೀನ್ನ ಕರಿಬೇ” ಎಂದ, ಮೂರು ಸಲ. ಅವಳ ಅಟ್ಟ ನೂರು ಹೆಜ್ಜೆಯಾಚೆ. “ಬರ್ತಾಳ, ನೀ ಸುಮ್ನ ಮಕ್ಕೋ” ಎಂದೆನೇ ಹೊರತು ಯಾರನ್ನೂ ಕಳಿಸಲಿಲ್ಲ. ಅವಳು ಬಂದರೆ ನಾನೇ ಮೊದಲು ಮಾತಾಡಿಸಬೇಕಾಗುತ್ತದೆ ಎಂಬ ಹಟ. ಅವನು ನಾಳೆಯವರೆಗೆ ಇರುತ್ತಾನೆ ಎಂಬ ಲೆ‌ಕ್ಕ. ಅವನು ಬಾಗಿಲ ಕಡೆ ನೋಡುತ್ತಲೇ ಹೋದ. ಎದುರುನಡಿಗೆಯಲ್ಲಿ ಅವಳಿಗೆ ತಿಳಿಯದ ಸಂಗತಿ ಎಂದು ನಾನು ಹೇಳಬೇಕಾದದ್ದು ಅದೇ. ಬೇರೆ ಯಾವುದನ್ನು ಹೇಳಿದರೂ ನಡಿಗೆ ಕೆಡುತ್ತಿತ್ತು.

ಎರಡು ದಿನ ನಡೆದೆ. ಇಪ್ಪತ್ತೆಂಟನೇ ಕಮಾನಿನ ಹತ್ತಿರ, ಹಿಂದೆ ಯಂತ್ರದ ಪೆಟ್ಟಿಗೆ ಇಡುತ್ತಿದ್ದ ಒಂದು ಗೂಡು ಇದೆ. ದೂರದಲ್ಲಿ ಬೆಳಕಿನ ಚುಕ್ಕೆ ಕಂಡಿತು. ನನ್ನ ಕಾಲು ನಿಂತವು. ದೀಪ ಊದಿ ಆರಿಸಿ ಆ ಗೂಡಿನೊಳಗೆ ಮುದುರಿ ಕೂತೆ. ಅವಳು ಮಗ್ಗಿ ಹೇಳಿಕೊಳ್ಳುತ್ತ ಬಂದಳು: “ಹದಿನೇಳ ಐದ್ಲೆ ಎಂಬತ್ತೈದು, ಹದಿನೇಳ ಆರ್ಲೆ ನೂರಾ ಎರಡು...” ನನ್ನ ಮುಂದೆ ಬಂದು “ಹದಿನೇಳ ಎಂಟ್ಲೆ” ಎಂದು ನಿಂತಳು. ಮಗ್ಗಿಯಲ್ಲಿ ಅವಳು ಎಂದೂ ತಡವರಿಸಿದವಳಲ್ಲ. ಅವಳ ಉಸಿರು ಕೇಳುತ್ತಿತ್ತು, ಅವಳ ದೀಪದ ಬೆಳಕು ನನ್ನ ಸೀರೆಯ ಅಂಚಿನ ತನಕ ಬಂದಿತ್ತು. ಎಷ್ಟು ಹೊತ್ತು ನಿಂತಳೋ. ಆಮೇಲೆ ಮೆಲ್ಲಗೆ “ನೂರಾ ಮೂವತ್ತಾರು” ಎಂದು ಮುಂದೆ ಹೋದಳು. ನಾನು ಕೂಗಲಿಲ್ಲ. ಇಪ್ಪತ್ತೊಂಬತ್ತನೇ ಕಮಾನಿನಲ್ಲಿ ಅವಳ ಹಸಿ ಗೆರೆ ಕಂಡಾಗಲಾದರೂ ತಿರುಗಿ ಓಡಬಹುದಿತ್ತು. ಕಣ ತಿರುಗುವುದಿಲ್ಲ ಎಂಬ ನೇಮ ನನಗೆ ಒಳ್ಳೆಯ ನೆಪವಾಯಿತು. ನೋಡಿಯೂ ಸುಮ್ಮನೆ ಹೋದಳೋ, ನೋಡದೆ ಹೋದಳೋ, ಅದು ನನಗೆ ಗೊತ್ತಿಲ್ಲ. ನೋಡಿದ್ದರೆ, ಅಕ್ಕ ತಾನಾಗಿ ಎದ್ದು ಬರುವವರೆಗೆ ಸುತ್ತುತ್ತೇನೆ ಎಂದು ಆ ಮೊಂಡಿ ಹೊರಟಿರಬೇಕು. ನೋಡದಿದ್ದರೆ, ಎದುರಾಗದೆ ನಡಿಗೆ ಮುಗಿಯುವುದು ಹೇಗೆಂದು ಹೊರಟಿರಬೇಕು.

ಎದುರಾಗದೆ ಹೋದರೆ ಏನು ಮಾಡಬೇಕೆಂದು ನಮ್ಮ ಕಟ್ಟಿನಲ್ಲಿ ಇಲ್ಲ. ಹಿರಿಯರು ಕೂಡಿ ನಿನ್ನ ನೋಟುಬುಕ್ಕು ತೆರೆಸಿದರು. ನೀನು ಬರೆದ ಕಟ್ಟಕಡೆಯ ಪುಟದಲ್ಲಿ ಇಷ್ಟಿದೆ: ‘ಒಂದೊಂದು ಗುಂಪಿನಲ್ಲಿ ಹತ್ತು ಸಾವಿರ ಕೋಟಿ ಕಣ. ಎರಡು ಗುಂಪು ಎದುರಾದಾಗ ಡಿಕ್ಕಿ ಆಗುವುದು ಐವತ್ತೋ ಅರವತ್ತೋ ಮಾತ್ರ. ಉಳಿದವೆಲ್ಲ ಒಂದರ ಪಕ್ಕ ಒಂದು ಹಾದುಹೋಗುತ್ತವೆ. ಹಾದುಹೋದವು ಆಮೇಲೆ ಏನಾಗುತ್ತವೆ? ನಾಳೆ ಸರ್‌ಗೆ ಕೇಳಬೇಕು.’ ಅದರ ಕೆಳಗೆ ಖಾಲಿ. ನಾಳೆ ನೀನು ಕೇಳಿದೆಯೋ ಇಲ್ಲವೋ, ಸರ್ ಬಂದಿದ್ದರೋ ಇಲ್ಲವೋ, ಮತ್ತೆ ಯಾರಾದರೂ ನಕ್ಕರೆಂದು ಸುಮ್ಮನಾದೆಯೋ! ಮುನ್ನೂರ ಅರವತ್ತು ವರ್ಷದಿಂದ ಆ ಸಾಲು ಹಾಗೇ ನಿಂತಿದೆ. ನಾನು ಸಾವಿರ ಸಲ ಓದಿದ್ದೇನೆ. ಮಕ್ಕಳು ಕೇಳಿದಾಗಲೆಲ್ಲ, ಅದು ಪರೀಕ್ಷೆಗೆ ಬರುವುದಿಲ್ಲ ಎಂದು ಹಾರಿಸಿದ್ದೇನೆ.

ಹಾದುಹೋದವು ಹೋಗಿಯೇ ಹೋದವು, ಮತ್ತೆ ಎದುರಾಗುವುದಿಲ್ಲ ಎಂದು ಸರ್ ಹೇಳಿದ್ದರೆ, ಆ ಗೆರೆಗಳು ನನ್ನ ಕೈಯವೇ ಆಗಲಿ ಯಾರವೇ ಆಗಲಿ, ‘ಮುಗಿಯಿತು’ ಎಂದು ನಾನು ಹೇಳಬಹುದು. ಇಲ್ಲ, ಅವಕ್ಕೆ ಇನ್ನೊಂದು ಸುತ್ತು ಸಿಗುತ್ತದೆ ಎಂದಿದ್ದರೆ, ನಾನು ಎದ್ದು ಹೋಗಬೇಕು. ಅದನ್ನು ತಿಳಿದುಕೊಂಡೇ ಮುಂದಿನ ಹೆಜ್ಜೆ ಎಂದು ಈ ಕಾಗದ ಶುರುಮಾಡಿದ್ದೆ. ಇಷ್ಟು ಬರೆಯುವಷ್ಟರಲ್ಲಿ ಗೊತ್ತಾಯಿತು, ಯವ್ವಾ, ನಿನ್ನ ಉತ್ತರಕ್ಕೆ ಕಾಯುತ್ತ ಕೂರುವುದೂ ಆ ಗೂಡಿನಲ್ಲಿ ದೀಪ ಆರಿಸಿ ಕೂತ ಹಾಗೆಯೇ.

ಹಾಗಾಗಿ ಬೆಳಗಿನ ಮೊದಲ ಗಂಟೆಗೆ ಹೊರಡುತ್ತಿದ್ದೇನೆ. ಬಲಕ್ಕೇ ಹೋಗುತ್ತೇನೆ, ಅವಳಿಗೆ ಎದುರಾಗುವ ದಿಕ್ಕಿಗೆ. ಎರಡು ದೀಪ ಒಯ್ಯುತ್ತೇನೆ. ಮಗ್ಗಿ ನಾನೂ ಜೋರಾಗಿ ಹೇಳುತ್ತೇನೆ, ತಪ್ಪಿದರೆ ತಿದ್ದಲು ಅವಳು ಸುಮ್ಮನಿರಲಾರಳು. ನನ್ನ ಕಾಲಿಗೆ ಸುತ್ತು ಐದಾರು ದಿನ ಹಿಡಿದೀತು. ಚಂದಾಸಾಬನಿಗೆ ನಡೆದದ್ದನ್ನೆಲ್ಲ ಈಗಷ್ಟೇ ಹೇಳಿ ಬಂದೆ. ಹನ್ನೊಂದನೇ ದಿನದೊಳಗೆ ನಾನು ಬಾಗಿಲಿಗೆ ಬಂದರೆ ಆ ಮಾತು ನಾನೇ ಹೇಳುತ್ತೇನೆ, ಒಬ್ಬಳೇ ಬಂದರೂ ಹೇಳುತ್ತೇನೆ. ಬಾರದಿದ್ದರೆ ನೀನೇ ಹೇಳಿ ನೀರು ಬಿಡು, ಕೂಸುಗಳು ಕಾಯಬಾರದು ಎಂದೆ. ಅವನು ಒಪ್ಪಲಿಲ್ಲ. ನಾನು ಕಲಿಸಿದ ಹುಡುಗ, ಒಪ್ಪಿಸಿದೆ. ಅಳುತ್ತ ದೀಪಕ್ಕೆ ತಾನೇ ಎಣ್ಣೆ ಹಾಕಿಕೊಟ್ಟ.

ಹಿಂದಿನವರಿಗೆ ಬರೆದ ಕಾಗದವನ್ನು ನಾವು ಕಣಗಳು ಓಡುತ್ತಿದ್ದ ಕೊಳವೆಯೊಳಗೆ ಇಡುತ್ತೇವೆ, ಅಲ್ಲಿಂದ ಅದು ತಲುಪುತ್ತದೆ ಎಂಬ ನಂಬಿಕೆಯ ಮೇಲೆ. ಇದನ್ನೂ ಅಲ್ಲೇ ಇಡುತ್ತೇನೆ. ನೋಟುಬುಕ್ಕನ್ನು ಮಾತ್ರ ಒಂದನೇ ಕಮಾನಿನ ಬುಡದಲ್ಲಿ, ನಿನ್ನ ಆ ಕೊನೆಯ ಪುಟ ತೆರೆದು, ಮೇಲೆ ಒಂದು ಕಲ್ಲಿಟ್ಟು ಹೋಗುತ್ತೇನೆ. ನೀನು ಉತ್ತರ ಕಳಿಸಲು ಅಂಚೆ ಹುಡುಕಬೇಕಿಲ್ಲ. ನಾಳೆ ಕ್ಲಾಸಿನಲ್ಲಿ, ಯಾರು ನಕ್ಕರೂ ನಗಲಿ, ಕೈ ಎತ್ತಿ ಸರ್‌ಗೆ ಕೇಳು. ಅವರು ಹೇಳಿದ್ದನ್ನು ಆ ಸಾಲಿನ ಕೆಳಗೆ ಬರೆದಿಡು. ನೀನು ಅಲ್ಲಿ ಬರೆದರೆ ಇಲ್ಲಿ ಪುಟದ ಮೇಲೆ ಇರಲೇಬೇಕು. ದಪ್ಪ ಅಕ್ಷರದಲ್ಲಿ ಬರಿ, ಕತ್ತಲಿದೆ. ಆ ದಾರಿಯಲ್ಲಿ ಯಾರು ಮೊದಲು ಬರುತ್ತೇವೋ, ನಾನೋ ಅಂಬಮ್ಮನೋ, ಬಂದವರು ಓದಿಕೊಳ್ಳುತ್ತೇವೆ.

ಬೇಗ ಬರಿ ಯವ್ವಾ. ಹೊಳೆ ಬರುವುದರೊಳಗೆ ಬರಿ.

ನಿನ್ನ
ಈರಮ್ಮ